ಬೆಳಕಿಂಡೀಶ್ವರನ ಒಡೆದ ದೀಪಗೂಡು

ಕೃತಯುಗ ಕಳೆದು ತ್ರೇತಾಯುಗವು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ ಕಾಲದಲ್ಲಿ, ಕೆಂಗಲ್ಲಿನ ಗುಡ್ಡಗಳನ್ನು ಸೀಳಿಕೊಂಡು ಹರಿಯುವ ಕೆಂಪೊಳೆಯ ತೀರದಲ್ಲಿ, ಮಹಾತಪಸ್ವಿಯೂ ಅಲ್ಪಸಹನಶೀಲನೂ ಆದ ಧೂಮ್ರಪಾದನೆಂಬ ಮುನಿಯು ಆಶ್ರಮ ಕಟ್ಟಿಕೊಂಡಿದ್ದನು. ಹೊಳೆಯ ನಡುವೆ ನೀರಿನಿಂದ ಮೊಳದಷ್ಟೇ ಮೇಲೆದ್ದ ಕರಾಳ ಬಂಡೆಯೊಂದಿದ್ದು, ಮುಸ್ಸಂಜೆಯಲ್ಲಿ ಬರುವ ಹರಿಗೋಲುಗಳು ಅದಕ್ಕೆ ತಾಗಿ ಮಗುಚಿ, ಅನೇಕರು ಜಲಸಮಾಧಿಯಾಗಿದ್ದರು. ಕರುಣಾರ್ದ್ರಚಿತ್ತನಾದ ಮುನಿಯು ದಡದಲ್ಲಿ ನಿತ್ಯವೂ ಹಣತೆ ಹಚ್ಚುತ್ತಿದ್ದನು. ಕಣಿವೆಯ ಗಾಳಿ ನಿತ್ಯವೂ ಅದನ್ನು ಆರಿಸುತ್ತಿತ್ತು.

ಆದಕಾರಣ, ಆ ಸ್ಥಳದ ಕೆಂಗಲ್ಲಿನಲ್ಲೇ ಒಂದು ದೀಪಗೂಡನ್ನು ಕಡೆದುಕೊಡುವಂತೆ ಮುನಿಯು ಶಿಲ್ಪಿಯಾದ ಕೇತೋಜನಿಗೆ ಅಪ್ಪಣೆಯಿತ್ತನು. ಬೇಕಾಗಿದ್ದುದು ಗಾಳಿಯ ಕಡೆಗೆ ಗೋಡೆ, ಮೇಲೊಂದು ಮುಚ್ಚಿಗೆ, ಹೊಳೆಯ ಕಡೆಗೆ ಅಂಗೈಯಗಲದ ಕಿಂಡಿ, ಇಷ್ಟೇ. ಮೂರು ದಿನದ ಕೆಲಸ. ಹರಿಗೋಲು ನಡೆಸುತ್ತಿದ್ದವಳು ಕೇತೋಜನ ಧರ್ಮಪತ್ನಿಯಾದ ಚಾಗವ್ವೆಯೇ ಆಗಿದ್ದುದರಿಂದ, ಅವನಿಗೆ ಅವಸರವಿರಬೇಕಾಗಿತ್ತು.

ಆದರೆ ಛಿದ್ರವಿರುವ ಶಿಲೆ ಭಿನ್ನವೆಂದೂ, ಭಿನ್ನವಾದದ್ದು ಪೂಜಾರ್ಹವಲ್ಲವೆಂದೂ ತಾಯಹಾಲಿನೊಡನೆ ಕುಡಿದು ಬೆಳೆದ ಆ ಪುಣ್ಯಾತ್ಮನಿಗೆ, ಕಲ್ಲಿನ ಮುಖದಲ್ಲಿ ಬರಿಯ ಕಿಂಡಿಯನ್ನು ಬಿಡಲು ಕೈಯೇ ಬರಲಿಲ್ಲ. ಕಿಂಡಿಯಲ್ಲಿ ಸಹಸ್ರದಳಕಮಲವನ್ನು ಅರಳಿಸಿದನು. ಸಾಸಿವೆಯಷ್ಟು ಬೆಳಕು ಹೊರಬಂದಿತು. ಮುನಿಯು ಬೈದದ್ದಕ್ಕೆ ಕಮಲವನ್ನು ತೆಗೆದು ಹಂಸಮಿಥುನವನ್ನು ಕೂರಿಸಿದನು, ಹಂಸಗಳ ಹಿಂದೆ ಬಳ್ಳಿ, ಬಳ್ಳಿಗೆ ಮತ್ತೆ ಹೂವು. ಹೊಗೆಯೆಲ್ಲ ಮುನಿಯ ಕಣ್ಣಿಗೆ. ಮೂರನೆಯ ಸಲ ಎರಡು ವರ್ಷ ಕಡೆದು ಸಿಂಹಮುಖವೊಂದನ್ನು ತಂದು ನಿಲ್ಲಿಸಿದನು. ಬೆಳಕು ಅದರ ಬಾಯಿಂದ ಬರಬೇಕಿತ್ತು, ಆದರೆ ಬಾಯಿ ತುಂಬ ಹಲ್ಲು. ಇಂಥವನಿಗೆ ಯಾರು ಏನು ಹೇಳಿಯಾರು? ನೋಡಿದವರೆಲ್ಲ ಹಲ್ಲುಗಳನ್ನೇ ಹೊಗಳಿದರು.

ಹೀಗಿರಲು ಒಂದು ಆಷಾಢದ ಮುಸ್ಸಂಜೆ, ಕೆಂಪೊಳೆಯು ಮಂಜು ಮುಸುಕಿ ಉಕ್ಕಿ ಹರಿಯುತ್ತಿರಲು, ಹನ್ನೊಂದು ಜನರನ್ನು ಹೊತ್ತ ಚಾಗವ್ವೆಯ ಹರಿಗೋಲು ನಡುನೀರಿನಲ್ಲಿ ದಿಕ್ಕು ತಪ್ಪಿತು. "ದೀಪ ಎಲ್ಲೈತಿ?" ಎಂದು ಅವಳು ಕೂಗಿದ್ದು ದಡಕ್ಕೆ ಕೇಳಿಸಿತು. ಕೇತೋಜನು ದೀಪಗೂಡಿನತ್ತ ತಿರುಗಿದನು. ದೀಪವು ಚೆನ್ನಾಗಿಯೇ ಉರಿಯುತ್ತಿದ್ದು, ಅವನು ಕಡೆದ ಹಲ್ಲುಗಳ ಒಳಮೈಯನ್ನು ಮಾತ್ರ ಬೆಳಗುತ್ತಿತ್ತು. ಸುತ್ತಿಗೆಯನ್ನೆತ್ತಿ ಸಿಂಹಮುಖದ ಬಲಭಾಗಕ್ಕೆ ಒಂದೇ ಏಟು ಹಾಕಲು, ಅದು ಕಳಚಿಬಿದ್ದು, ಅಂಗೈಯಗಲದ ಬೆಳಕು ನೇರವಾಗಿ ನಡುಹೊಳೆಯ ಬಂಡೆಯ ಮೇಲೆ ಬಿದ್ದಿತು. ಹರಿಗೋಲು ಬಂಡೆಯನ್ನು ಬಳಸಿಕೊಂಡು ದಡ ಸೇರಿತು.

ಸೊಂಟದವರೆಗೆ ನೆನೆದಿದ್ದ ಚಾಗವ್ವೆಯು ಒಡೆದ ಕಲ್ಲನ್ನೂ ಗಂಡನನ್ನೂ ಬಹಳ ಹೊತ್ತು ನೋಡಿದಳು.

"ಇಷ್ಟು ಮಾಡಾಕ ನಿನಗ ಮೂರು ವರ್ಸ ಬೇಕಾತೇನು?" ಎಂದಳು.

ತಲೆ ತಗ್ಗಿಸಿದ ಕೇತೋಜನು ಭಿನ್ನವಾದ ಶಿಲೆಯನ್ನು ನೀರಿಗೆ ಬಿಡಲೆಂದು ಎತ್ತಹೋದಾಗ, ಗೂಡಿನೊಳಗಿಂದ ದಿವ್ಯವಾಣಿಯಾಯಿತು: "ಎಲೈ ಶಿಲ್ಪಿಯೇ, ಮುಟ್ಟಬೇಡ. ನಿನ್ನ ಕಮಲದ ಹಿಂದೆಯೂ ಹಂಸಗಳ ಹಿಂದೆಯೂ ಹೊರಬರಲು ಸಂದಿಯಿಲ್ಲದೆ ಹೊಗೆ ಕುಡಿಯುತ್ತ ಕುಳಿತಿದ್ದವನು ನಾನು. ಈ ಭಗ್ನಮುಖವೇ ಇನ್ನು ನನ್ನ ಮಹಾದ್ವಾರ. ಆಚಂದ್ರಾರ್ಕವಾಗಿ ಇದನ್ನು ಯಾರೂ ರಿಪೇರಿ ಮಾಡತಕ್ಕದ್ದಲ್ಲ."

ಆ ದೀಪಗೂಡು, ಅರ್ಧಮುಖದ ಸಿಂಹದೊಡನೆ, ಇಂದಿಗೂ ಬೆಳಕಿಂಡೀಶ್ವರನ ಸನ್ನಿಧಿಯಲ್ಲಿದೆ. ದೈವವಾಣಿಯು ಇಷ್ಟು ಸ್ಪಷ್ಟವಾಗಿದ್ದರೂ ವರ್ಷಕ್ಕೊಬ್ಬರು ಭಕ್ತರು ಸಿಮೆಂಟು ಹಿಡಿದು ಬರುತ್ತಾರೆ. ಹೋದ ವರ್ಷ ಒಬ್ಬರು ಮಷಿನ್ನಿನಲ್ಲಿ ಕೊರೆಸಿದ ಹೊಸ ಮುಖವನ್ನೇ ತಂದರು. ಅದನ್ನೀಗ ಪಾಕಶಾಲೆಯ ಹಿಂದೆ ಬಟ್ಟೆ ಒಗೆಯಲು ಬಳಸಲಾಗುತ್ತಿದೆ.

ಪ್ರತಿವರ್ಷ ಆಷಾಢ ಹುಣ್ಣಿಮೆಯ ಸಂಜೆ, ಕೇತೋಜನ ವಂಶದ ಶಿಲ್ಪಿಗಳು ಉಳಿಗಳನ್ನು ದೀಪಗೂಡಿನ ಮುಂದಿಟ್ಟು ಸಾಲಾಗಿ ನಿಲ್ಲುತ್ತಾರೆ. ಅವರ ಮನೆಯ ಹಿರಿಯ ಹೆಂಗಸು ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ಬಂದು, ಚಾಗವ್ವೆ ಕೇಳಿದ್ದನ್ನು ಕೇಳುತ್ತಾಳೆ. ಗಂಡಸರು ತಲೆ ತಗ್ಗಿಸುತ್ತಾರೆ. ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದು, ಅವಳೇ ದೀಪ ಹಚ್ಚುತ್ತಾಳೆ.