ಸೂಲಗಿತ್ತಿ ಲಕ್ಕಜ್ಜಿ ತೋರಿಸಿದ ಮನೆ

ಬಾಳ ಹಿಂದೆ, ಯಾವ ವರ್ಷ ಅಂತ ಮಾತ್ರ ಕೇಳಬೇಡಿ, ಒಂದೂರಲ್ಲಿ ಲಕ್ಕಜ್ಜಿ ಅಂತ ಒಬ್ಬ ಸೂಲಗಿತ್ತಿ ಇದ್ಲಂತೆ. ಅಂತಿಂಥ ಸೂಲಗಿತ್ತಿ ಅಲ್ಲಪ್ಪ! ಹೊಟ್ಟೆ ಮೇಲೆ ಅಂಗೈ ಇಟ್ಟರೆ ಸಾಕು, ಅಡ್ಡಬಿದ್ದ ಕೂಸು ತಾನೇ ತಿರುಗಿಕೊಳ್ತಿತ್ತಂತೆ. ಸುತ್ತ ಏಳೂರಲ್ಲಿ ಅವಳ ಕೈಮೇಲೆ ಹುಟ್ಟದ ಗಂಡಸೇ ಇರಲಿಲ್ಲವಂತೆ. ಅದಕ್ಕೇ ಅವಳ ಮುಂದೆ ಯಾರೂ ಮೀಸೆ ತಿರುವ್ತಿರಲಿಲ್ಲ.

ಆ ಕೂಸುಗಳಲ್ಲಿ ಒಬ್ಬರು ಬೆಳೆದು ಇಡೀ ದೇಶಕ್ಕೇ ದೊಡ್ಡವರಾದ್ರು. ನೀವೀಗ ಯಾರ ಮನೆಗೆ ಕೈಮುಗಿದು ಬಂದ್ರಲ್ಲ, ಅವರೇ. ಅವರು ತೀರಿಕೊಂಡ ಮೇಲೆ ಅಧಿಕಾರಿಗಳು ಬಂದು, ಹುಟ್ಟಿದ ಮನೆ ಯಾವುದು ತೋರಿಸಿ, ನಾಡಿಗೆ ನಾಡೇ ಬಂದು ನೋಡಬೇಕು ಅಂದ್ರಂತೆ. ಪಟೇಲ ಮುದ್ದಪ್ಪ ಎದೆ ಸೆಟೆಸಿ, ನಮ್ಮ ತೊಟ್ಟಿಮನೇಲೇ ಹುಟ್ಟಿದ್ದು ಅಂದನಂತೆ. ಅವರ ತಾಯಿ ಅವನ ಮನೇಲಿ ಕೂಲಿಗಿದ್ದಳು, ಅಷ್ಟೇ ನಿಜ. ಅಧಿಕಾರಿಗಳಿಗೂ ಕೆತ್ತನೆ ಕಂಬದ ಮನೆಯೇ ಚೆಂದ ಕಾಣ್ತಂತೆ. ಆದರೂ ಸೂಲಗಿತ್ತಿ ಬದುಕಿದ್ದಾಳಲ್ಲ, ಅವಳೊಂದು ಮಾತು ಹೇಳಲಿ ಅಂದ್ರು.

ಲಕ್ಕಜ್ಜಿಗೆ ಆ ಒಂದು ಮಾತು ಸುಲಭದ್ದಾಗಿರಲಿಲ್ಲ. ಯಾಕಂತೀರಾ? ಅವಳ ಗುಡಿಸಲು ನಿಂತಿದ್ದೇ ಪಟೇಲನ ಜಾಗದಲ್ಲಿ. ನಮ್ಮನೆ ಅಂದ್ರೆ ಹೊಸ ಸೀರೆ ಉಡಿಸ್ತೀನಿ, ಬೇರೆ ಅಂದ್ರೆ ಗುಡಿಸಲು ಕೀಳಿಸ್ತೀನಿ ಅಂತ ಆಗಲೇ ಹೇಳಿಕಳಿಸಿದ್ದ. ತೊಂಬತ್ತೋ ನೂರೋ ಆದ ಮುದುಕಿ, ಎಲ್ಲಿಗೆ ಹೋಗ್ತಾಳೆ ಹೇಳಿ? ಅವಳ ತೋಳಿನ ಮೇಲೆ ಹಳೇ ಗಾಯದ ಗುರುತಿತ್ತಂತೆ. ಆ ದೊಡ್ಡವರನ್ನ ಹೆರುವಾಗ ಅವರ ತಾಯಿ ನೋವು ತಡೀಲಾರದೆ ಕಚ್ಚಿದ್ದು. ಅದನ್ನೊಮ್ಮೆ ಸವರಿಕೊಂಡ್ಲಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬನ್ರಪ್ಪಾ ಅಂತ ಹೊರಟೇಬಿಟ್ಲಂತೆ.

ಪಟೇಲನ ಬಾಗಿಲು ದಾಟಿದ್ಲು. ಕೇರಿ ಕೊನೇಲಿ, ತಲೆ ಬಗ್ಗಿಸಿ ನುಗ್ಗಬೇಕಾದ ಒಂದಂಕಣದ ಮನೆ ಹಿತ್ತಲಿಗೆ ಕರಕೊಂಡು ಹೋದ್ಲು. ಅಲ್ಲೊಂದು ಚಪ್ಪಡಿಕಲ್ಲು.

"ಹುಟ್ಟಿದ ಮನೆ ಹಿತ್ತಲಲ್ಲೇ ಅಲ್ವಾ ಮಾಸು ಹೂಳೋದು? ಅವರ ಹೆರಿಗೆಯ ಮಾಸನ್ನ ಇದರಡಿ ಹೂತಿದ್ದು ಈ ಕೈ. ಮುದ್ದಪ್ಪ, ನಿಂದು ಹೂತಿದ್ದೂ ಇದೇ ಕೈ. ಅವರದ್ದನ್ನ ನಿನ್ನ ಹಿತ್ತಲಲ್ಲಿ ಹೂತಿಲ್ಲ ಕಣಪ್ಪ."

ಅಧಿಕಾರಿಗಳು ಆ ಮನೆಯನ್ನೇ ಬರಕೊಂಡ್ರಂತೆ, ಪಟೇಲ ಸರಸರ ತನ್ನ ಮನೆ ಕಡೆ ನಡೆದನಂತೆ.

ಮಾರನೇ ದಿನವೇ ಅವನ ಆಳುಗಳು ಬಂದು ಗುಡಿಸಲು ಕಿತ್ತರು. ಲಕ್ಕಜ್ಜಿ ಗಂಟುಮೂಟೆ ಸಮೇತ ಹುಣಸೆಮರದಡಿ ಕೂತ್ಲಂತೆ. ಅತ್ಲಾ? ಅತ್ಲು, ಯಾಕೆ ಸುಳ್ಳು ಹೇಳಲಿ. ಆಗ ನೋಡಿ, ಅವಳ ಕೈಲಿ ಹೆತ್ತ ಹೆಂಗಸರು ಒಬ್ಬೊಬ್ಬರೇ ಮಂಕರಿ ತುಂಬ ಮಣ್ಣು ಹೊತ್ತು ಬಂದ್ರಂತೆ. ಏಳೂರಿಂದಲೂ ಬಂದ್ರಂತೆ. ಮಾವನಿಗೆ ಹೇಳದೆ ಪಟೇಲನ ಸೊಸೆಯೂ ಬಂದ್ಲಂತೆ. ಆ ದೊಡ್ಡವರು ಹುಟ್ಟಿದ ಮನೆ ಪಕ್ಕದಲ್ಲೇ, ಹೊತ್ತು ಮುಳುಗೋದರೊಳಗೆ ಅಜ್ಜಿಗೊಂದು ಮನೆ ಎದ್ದು ನಿಂತಂತೆ.

ಈಗಲೂ ದೊಡ್ಡವರ ಮನೆಗೆ ಸರ್ಕಾರ ಸುಣ್ಣ ಹೊಡೆಸುತ್ತೆ. ಪಕ್ಕದ ಮನೆ ಮಾತ್ರ ಸರ್ಕಾರದವರು ಮುಟ್ಟೋ ಹಾಗಿಲ್ಲ. ಪ್ರತಿ ವರ್ಷ, ಆ ವರ್ಷ ಹೆತ್ತ ಹೆಂಗಸರೆಲ್ಲ ಬಂದು ಅದರ ಗೋಡೆಗೆ ಒಳಗೂ ಹೊರಗೂ ಹಿಡಿಹಿಡಿ ಹಸಿಮಣ್ಣು ಮೆತ್ತುತಾರೆ. ಮೆತ್ತಿ ಮೆತ್ತಿ ಗೋಡೆ ಮೂರು ಮೊಳ ದಪ್ಪ ಆಗಿದೆ, ಒಳಗೆ ಒಬ್ಬರು ಕೂರೋದೂ ಕಷ್ಟ. ನಿಮ್ಮ ಹಾಗೆ ನೋಡೋಕೆ ಬಂದವರು, ಇದ್ಯಾರ ಮನೆ ಅಂತ ಕೇಳ್ತಾರೆ.

ಹೆಂಗಸರು ಮೆತ್ತೋದು ನಿಲ್ಲಿಸದೇನೇ, "ನಮ್ದು" ಅಂತಾರೆ.