ಕಸದ ಗುಡ್ಡದ ಕೆಳಗಿನ ಬಾವಿ

“ಗುರುಗಳೇ, ಒಂದು ಕೆಲಸವನ್ನು ಲೋಪವಿಲ್ಲದೆ ಮುಗಿಸಿದವನು ಎಷ್ಟು ಕಾಲ ಅದಕ್ಕೆ ಹೊಣೆ?” ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಒಂದು ಪಟ್ಟಣವಿತ್ತು. ಅದರ ಕಸವನ್ನೆಲ್ಲ ಊರಾಚೆಯ ಹಳೆಯ ಕಲ್ಲುಗಣಿಗೆ ಸುರಿಯುತ್ತಿದ್ದರು. ಗಣಿ ತುಂಬಿತು. ಆಮೇಲೂ ಸುರಿದರು. ಅದು ಗುಡ್ಡವಾಯಿತು. ಗುಡ್ಡದ ಕೆಳಗಿನ ಇಳಿಜಾರಿನಲ್ಲಿ ಒಂದು ಸಣ್ಣ ಹಟ್ಟಿ. ಹಟ್ಟಿಯವರಿಗೆಲ್ಲ ಒಂದೇ ಬಾವಿ.

ಗುಡ್ಡವನ್ನು ಮುಚ್ಚುವ ಕೆಲಸ ಒಬ್ಬ ಮಹಿಳಾ ಎಂಜಿನಿಯರಿಗೆ ಬಂತು. ಅವಳು ಮೊದಲು ಗುಡ್ಡ ಹತ್ತಲಿಲ್ಲ. ಹಟ್ಟಿಗೆ ಇಳಿದು ಬಾವಿಯ ನೀರು ನೋಡಿದಳು. ನೀರು ಇನ್ನೂ ಚೆನ್ನಾಗಿತ್ತು. ಆದರೆ ಕಸದ ವಿಷ ನೆಲಕ್ಕೆ ಇಳಿಯದಂತೆ ತಳಕ್ಕೆ ಯಾರೂ ಏನನ್ನೂ ಹಾಸಿರಲಿಲ್ಲ. ಅಷ್ಟು ಕಸವನ್ನು ಎತ್ತಿ ತಳ ಸರಿಪಡಿಸುವುದು ಆಗದ ಮಾತು. ಮೇಲಿನಿಂದ ಮಳೆ ಇಳಿಯದಂತೆ ತಡೆಯುವುದೊಂದೇ ಉಳಿದ ದಾರಿ. ಅವಳು ಗುಡ್ಡದ ಮೈಯನ್ನು ಸಮ ಮಾಡಿಸಿ, ಜೇಡಿಮಣ್ಣು ಹಾಕಿ ಗಟ್ಟಿಯಾಗಿ ಬಡಿಯಿಸಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮತ್ತೆ ಮಣ್ಣು ಹರಡಿ ಹುಲ್ಲು ಬೆಳೆಸಿದಳು. ಒಳಗಿನ ಅನಿಲ ಹೊರಹೋಗಲು ಕೊಳವೆ ಇಡಿಸಿದಳು. ಬುಡದಲ್ಲಿ ಕೊಳಚೆ ನೀರು ಹಿಡಿಯಲು ಕಾಲುವೆ ತೋಡಿಸಿದಳು. ಗುಡ್ಡಕ್ಕೂ ಹಟ್ಟಿಗೂ ನಡುವೆ, ಪರೀಕ್ಷೆಗೆಂದೇ ಒಂದು ಕೊಳವೆಬಾವಿ ಕೊರೆಸಿದಳು. ವಿಷ ಹಟ್ಟಿಯ ಕಡೆ ಹೊರಟರೆ ಮೊದಲು ಅಲ್ಲಿ ಕಾಣಬೇಕು.

ಬೇರೆ ಊರಿನ ಪರಿಣತರು ಬಂದು ನೋಡಿದರು. ಒಂದು ಲೋಪವೂ ಸಿಗಲಿಲ್ಲ.

ಅವಳಿಗೆ ಮಾತ್ರ ನೆಮ್ಮದಿ ಇರಲಿಲ್ಲ. ತಿಂಗಳು ತಿಂಗಳೂ ಆ ಕೊಳವೆಬಾವಿಯ ನೀರು ತೆಗೆದು ಪರೀಕ್ಷೆಗೆ ಕಳಿಸುವಳು. ಫಲಿತಾಂಶ ಬರುವವರೆಗೆ ಊಟ ರುಚಿಸದು. ಪ್ರತಿ ಸಲವೂ ನೀರು ಶುದ್ಧವೆಂದೇ ಬರುತ್ತಿತ್ತು. ವರ್ಷಗಳು ಹೀಗೆ ಹೋದವು.

ಒಮ್ಮೆ ಪುರಸಭೆಯ ಅಧ್ಯಕ್ಷ ಅವಳನ್ನು ಕರೆಸಿದ. “ಗುಡ್ಡದ ಮೇಲೆ ಉದ್ಯಾನ ಮಾಡುತ್ತಿದ್ದೇವೆ, ಮೇಡಂ,” ಎಂದ.

“ಮಾಡಿ. ಆದರೆ ಆಳಕ್ಕೆ ಅಗೆಯಬಾರದು.”

ಅವನು ಆಗಲಿ ಎಂಬಂತೆ ತಲೆಯಾಡಿಸಿದ. “ನೀವು ಹೀಗೆ ನೀರು ಹೊತ್ತು ತಿರುಗಿದರೆ ಜನ ಏನೆಂದುಕೊಂಡಾರು? ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ಲವೇ?”

ಆ ಮಾತು ಅವಳಿಗೆ ನಾಟಿತು. ನಂಬಿಕೆ ಇದೆ ಎಂದು ತೋರಿಸಲು ಆ ಮಳೆಗಾಲ ಅವಳು ನೀರು ತೆಗೆಯಲಿಲ್ಲ.

ಮಳೆ ಜೋರಾಗಿ ಬಂತು. ಸುರಿದಾಗಲೆಲ್ಲ ಅವಳು ಕಿಟಕಿಯ ಬಳಿ ನಿಲ್ಲುವಳು. ಕೊಡೆ ಹಿಡಿದು ಬಾಗಿಲವರೆಗೆ ಹೋಗಿ ಹಿಂದಿರುಗುವಳು. ತನ್ನ ಭಯಕ್ಕೆ ತಾನೇ ನಾಚಿಕೊಳ್ಳುವಳು. ಮಳೆಗಾಲ ಮುಗಿದ ಮೇಲೆ ತಡೆಯಲಾರದೆ ಗುಡ್ಡದ ಬಳಿಗೆ ಹೋದಳು. ಕೊಳವೆಬಾವಿಯಿಂದ ಎತ್ತಿದ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಮೂಗಿನ ಬಳಿ ತರಲಾಗಲಿಲ್ಲ.

ಅವಳು ಕಚೇರಿಗೆ ಹೋಗಲಿಲ್ಲ. ನೇರ ಹಟ್ಟಿಗೆ ಓಡಿದಳು. ಬಾವಿಕಟ್ಟೆಯಲ್ಲಿ ಒಬ್ಬ ಹೆಂಗಸು ನೀರು ಸೇದುತ್ತಿದ್ದಳು.

“ಆ ನೀರು ಕುಡಿಯಬೇಡಿ!”

“ಯಾಕಮ್ಮಾ, ನೀರು ಕೆಟ್ಟಿದೆಯಾ?”

“ಗೊತ್ತಿಲ್ಲ. ಮೇಲೆ ಕೆಟ್ಟಿದೆ. ಅದು ಇತ್ತ ಬರುತ್ತಿದೆ.”

“ಯಾವಾಗಿನಿಂದ?”

“ಅದೂ ಗೊತ್ತಿಲ್ಲ. ಈ ಮಳೆಗಾಲ ನಾನು ನೋಡಲಿಲ್ಲ.”

ಹೆಂಗಸಿನ ಕೈಯಿಂದ ಹಗ್ಗ ಜಾರಿತು. “ನನ್ನ ಸೊಸೆ ತುಂಬು ಬಸುರಿ. ಮಳೆಗಾಲವೆಲ್ಲ ಇದೇ ನೀರು ಕುಡಿದಿದ್ದಾಳೆ,” ಎಂದಳು.

ಅಂದೇ ಹಟ್ಟಿಗೆ ಟ್ಯಾಂಕರಿನಲ್ಲಿ ನೀರು ಬಂತು. ಗುಡ್ಡದ ಹೊದಿಕೆ ಬಿಡಿಸಿ ನೋಡಿದರು. ಉದ್ಯಾನಕ್ಕೆ ಮರದ ಸಸಿ ನೆಡಲು ಯಂತ್ರದಿಂದ ಗುಂಡಿ ತೋಡಿದ್ದರು. ಹಾಳೆ ಹರಿದಿತ್ತು. ಜೇಡಿಮಣ್ಣು ಒಡೆದಿತ್ತು. ಮಳೆಯೆಲ್ಲ ಕಸದೊಳಕ್ಕೆ ಇಳಿದಿತ್ತು. ಎಂಜಿನಿಯರ್ ತಾನೇ ಮುಂದೆ ನಿಂತು ಹೊದಿಕೆಯನ್ನು ಮತ್ತೆ ಹಾಕಿಸಿದಳು. ಕೆಟ್ಟ ನೀರನ್ನು ತಿಂಗಳುಗಟ್ಟಲೆ ಮೇಲೆತ್ತಿ ಸಾಗಿಸಿದರು.

ಹಟ್ಟಿಯ ಬಾವಿಯ ನೀರನ್ನೂ ಪರೀಕ್ಷಿಸಿದರು. ಅಂದಿನ ನೀರಿನಲ್ಲಿ ದೋಷ ಸಿಗಲಿಲ್ಲ. ಮಳೆಗಾಲದಲ್ಲಿ ಅದು ಹೇಗಿತ್ತು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಸೊಸೆಗೆ ಹೆಣ್ಣುಮಗು ಹುಟ್ಟಿತು. ಗಟ್ಟಿಯಾಗಿ ಅತ್ತಿತು. ಹಟ್ಟಿಯವರು ನೆಮ್ಮದಿಯ ಉಸಿರು ಬಿಟ್ಟರು. ಆದರೆ ಮಗುವಿನ ಮೈ ಬಿಸಿಯಾದಾಗಲೆಲ್ಲ ಅಜ್ಜಿ ಹೊರಗೆ ಬಂದು ಗುಡ್ಡವನ್ನು ನೋಡುತ್ತಾಳೆ. ಹಟ್ಟಿಯಿಂದ ಯಾರಾದರೂ ಕಚೇರಿಗೆ ಬಂದರೆ, ಅವರು ಬಾಯಿ ತೆರೆಯುವವರೆಗೆ ಎಂಜಿನಿಯರಿನ ಎದೆ ಹೊಡೆದುಕೊಳ್ಳುತ್ತದೆ.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಗುಂಡಿ ತೋಡಿದವರು ಬೇರೆಯವರು. ಅವಳ ಕೆಲಸ ಎಂದೋ ಮುಗಿದಿತ್ತು. ಇನ್ನೆಷ್ಟು ಕಾಲ ಅವಳು ಆ ನೀರನ್ನು ನೋಡುತ್ತಿರಬೇಕು?” ಎಂದ.

ಗುರು ಹೇಳಿದರು: “ಕೆಳಗೆ ಒಬ್ಬರಾದರೂ ನೀರು ಸೇದುತ್ತಿರುವಷ್ಟು ಕಾಲ.”