ಹದ್ದಿನ ದೊಣೆಯ ದಾರಿ

ಮರುಭೂಮಿಯ ನಡುವೆ ಕೆಂಪು ಕಲ್ಲಿನ ಒಂದು ಬೆಟ್ಟಸಾಲು. ಅದರ ಬುಡದ ಹಳ್ಳಿಯಲ್ಲಿ ಜೇಠೂ ಎಂಬ ಮುದುಕನಿದ್ದ. ಬೆಟ್ಟ ದಾಟುವವರಿಗೆ ದಾರಿ ಹೇಳುವುದು ಅವನ ಮನೆತನದ ಕೆಲಸ. ಯಾವ ಕಣಿವೆಯಲ್ಲಿ ಹಿಂದೆ ಉಪ್ಪು ಹೊತ್ತ ಒಂಟೆಗಳು ಸಾಲುಗಟ್ಟಿ ಹೋಗುತ್ತಿದ್ದವು, ಸೋತು ಓಡಿದ ಸೈನಿಕರು ಯಾವ ಬಂಡೆಯ ಮೇಲೆ ಹೆಸರು ಕೆತ್ತಿದರು, ಚಿರತೆ ಯಾವ ತಿರುವಿನಲ್ಲಿ ಮಲಗುತ್ತದೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಅವನು ಜಗಲಿಯ ಮೇಲೆ ಕೂತು ಹೇಳತೊಡಗಿದರೆ ಕೇಳುವವರು ಊಟ ಮರೆಯುತ್ತಿದ್ದರು. "ಜೇಠೂ ಕಾಕಾನಿಗೆ ಗೊತ್ತಿಲ್ಲದ ಕಲ್ಲು ಆ ಬೆಟ್ಟದಲ್ಲಿಲ್ಲ" ಎನ್ನುವುದು ಊರಿನ ಮಾತಾಗಿತ್ತು.

ಆದರೆ ಮಂಡಿ ಮುರಿದುಕೊಂಡ ಜೇಠೂ ಬೆಟ್ಟ ಹತ್ತದೆ ಹನ್ನೆರಡು ವರ್ಷವಾಗಿತ್ತು. ಊರವರಿಗೆ ಇದು ಗೊತ್ತಿದ್ದರೂ ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಬೆಟ್ಟ ಎಲ್ಲಿಗೆ ಎದ್ದು ಹೋದೀತು ಎಂದುಕೊಂಡಿದ್ದರು. ಜೇಠೂ ಕೂಡ ಹಾಗೆಯೇ ಅಂದುಕೊಂಡಿದ್ದ.

ಒಂದು ಬೇಸಿಗೆಯಲ್ಲಿ ಖೇಮಾ ಎಂಬ ಕುರುಬ ತನ್ನವರೊಂದಿಗೆ ಬಂದ. ಒಟ್ಟು ಎಂಟು ಜನ. ಅವರ ಊರಿನ ಬಾವಿ ಉಪ್ಪಾಗಿತ್ತು. ಬೆಟ್ಟದ ಆಚೆ ಬೇರೆ ನೆಲ ಹುಡುಕಿಕೊಂಡಿದ್ದರು. ಕುರಿಗಳನ್ನು ತಮ್ಮಂದಿರು ಮುಂಚೆಯೇ ಮರಳ ದಾರಿಯಲ್ಲಿ ಹೊಡೆದುಕೊಂಡು ಹೋಗಿದ್ದರು. ಆ ದಾರಿಯಲ್ಲಿ ಬಾವಿಗಳಿದ್ದವು, ಆದರೆ ಬೆಟ್ಟ ಸುತ್ತಿ ಹೋಗಲು ಎಂಟು ದಿನ. ಬೆಟ್ಟ ದಾಟಿದರೆ ಮೂರೇ ದಿನ. ಖೇಮಾನ ತಾಯಿಗೆ ಮೈ ನೆಟ್ಟಗಿರಲಿಲ್ಲ. ಎಂಟು ದಿನದ ಬಿಸಿಲು ಅವಳಿಗೆ ಆಗುವಂತಿರಲಿಲ್ಲ.

"ಕಾಕಾ, ನಮ್ಮ ಚರ್ಮದ ಚೀಲಗಳಲ್ಲಿ ಹಿಡಿಯುವುದೇ ಎರಡು ದಿನಕ್ಕಾಗುವಷ್ಟು ನೀರು" ಎಂದ ಖೇಮಾ. "ಮೊದಲ ದಿನದ ನಡಿಗೆಗೇ ಹದ್ದಿನ ದೊಣೆ ಸಿಗುತ್ತದಂತೆ. ಅದರಲ್ಲಿ ನೀರಿದ್ದರೆ ತುಂಬಿಕೊಂಡು ದಾಟಿಬಿಡುತ್ತೇವೆ. ಇಲ್ಲದಿದ್ದರೆ ಮರಳ ದಾರಿಯೇ ಗತಿ. ಈಗ ನೀರಿದೆಯಾ?"

ಹದ್ದಿನ ದೊಣೆ ಎಂದರೆ ಬಂಡೆಯ ಮಡಿಲಲ್ಲಿ ಮಳೆನೀರು ನಿಲ್ಲುವ ಹಳೆಯ ಹೊಂಡ. ಜೇಠೂ ಬಾಯಿ ತೆರೆಯುವಷ್ಟರಲ್ಲಿ ಮಗಳು ಧಾಪೂ ಒಳಗಿನಿಂದ ಕರೆದಳು. ಆಡು ಮೇಯಿಸಲು ದಿನವೂ ಬೆಟ್ಟದ ಕೆಳಗಿನ ಇಳಿಜಾರಿಗೆ ಹೋಗುವವಳು ಅವಳು.

"ಅಪ್ಪಾ, ಹೋದ ವರ್ಷ ಭೂಮಿ ನಡುಗಿದ ಮೇಲೆ ಗೌಜಲಕ್ಕಿಗಳು ಬೆಳಗ್ಗೆ ದೊಣೆಯ ಕಡೆ ಹಾರುತ್ತಿಲ್ಲ. ನೀರಿದ್ದರೆ ಹೋಗದೆ ಇರುತ್ತಿದ್ದವಾ? ಇವರನ್ನು ಎರಡು ದಿನ ಇಲ್ಲೇ ನಿಲ್ಲಿಸು. ನಾನು ಹೋಗಿ ನೋಡಿಕೊಂಡು ಬರುತ್ತೇನೆ."

ಜೇಠೂಗೆ ಮುಖ ಬಿಸಿಯಾಯಿತು. ಹೊರಗೆ ಎಂಟು ಜನ, ಅವರ ಹಿಂದೆ ಅರ್ಧ ಊರು, ಅವನ ಮಾತಿಗಾಗಿ ಕಾದು ನಿಂತಿತ್ತು. "ನನ್ನ ಬೆಟ್ಟದ ಸುದ್ದಿಯನ್ನು ಆಡು ಕಾಯುವವಳನ್ನು ಕಳಿಸಿ ತಿಳಿದುಕೊಳ್ಳಬೇಕಾ ನಾನು?" ಎಂದು ಹಲ್ಲು ಕಚ್ಚಿ ಹೇಳಿ ಹೊರಗೆ ಬಂದ.

"ಆ ದೊಣೆ ಬತ್ತಿದ್ದನ್ನು ನನ್ನ ಅಜ್ಜನೂ ಕಂಡಿಲ್ಲ" ಎಂದ. "ಹದ್ದಿನ ಹಾಗೆ ಕೊಕ್ಕು ಚಾಚಿದ ಬಂಡೆ ಕಂಡರೆ ನೀರು ಸಿಕ್ಕಿತೆಂದೇ ತಿಳಿಯಿರಿ. ನೆಮ್ಮದಿಯಾಗಿ ಹೋಗಿಬನ್ನಿ."

ಅಜ್ಜ ಕಂಡಿಲ್ಲ ಎಂಬ ಮಾತೇನೋ ನಿಜವಾಗಿತ್ತು. ಜೇಠೂ ಅದರ ಮರೆಯಲ್ಲಿ ನಿಂತುಕೊಂಡ. ಖೇಮಾ ಕಾಲಿಗೆ ನಮಸ್ಕರಿಸಿ, ತಾಯಿಯನ್ನು ಕತ್ತೆಯ ಮೇಲೆ ಕೂರಿಸಿ ಬೆಟ್ಟ ಹತ್ತಿದ.

ಐದನೆಯ ದಿನ ಮಧ್ಯಾಹ್ನ ಮೂರು ಜನ ಇಳಿದು ಬಂದರು. ತುಟಿ ಸೀಳಿತ್ತು, ನಾಲಿಗೆ ದಪ್ಪವಾಗಿತ್ತು. ತಾಯಿ ಇರಲಿಲ್ಲ. ಖೇಮಾನ ಹೆಂಡತಿಯೂ ಇರಲಿಲ್ಲ. ಧಾಪೂ ಓಡಿಹೋಗಿ ಬಟ್ಟೆ ಅದ್ದಿ ಅವರ ಬಾಯಿಗೆ ಹನಿಹನಿಯಾಗಿ ನೀರು ಹಿಂಡಿದಳು.

ಮಾತು ಬಂದ ಮೇಲೆ ಖೇಮಾ ಜೇಠೂವಿನ ಪಾದ ಹಿಡಿದುಕೊಂಡ. "ತಪ್ಪು ನಮ್ಮದೇ ಕಾಕಾ. ನಿಮ್ಮ ದೊಣೆ ನಮಗೆ ಸಿಗಲೇ ಇಲ್ಲ. ಮೊದಲ ದಿನ ಸಂಜೆ ಬಿರುಕು ಬಿಟ್ಟ ಒಂದು ಒಣ ಹೊಂಡ ಸಿಕ್ಕಿತು. ನನ್ನವಳು, ಇದೇ ಇರಬೇಕು, ಚೀಲದಲ್ಲಿ ನೀರಿರುವಾಗಲೇ ಹಿಂದಿರುಗೋಣ ಅಂದಳು. ಕಾಕಾ ಹೇಳಿದ್ದಾರೆ, ದೊಣೆ ಬತ್ತುವುದಿಲ್ಲ, ಇನ್ನೂ ಮುಂದೆಲ್ಲೋ ಇದೆ ಅಂತ ನಾನೇ ಎಲ್ಲರನ್ನೂ ಮೇಲಕ್ಕೆ ಕರೆದುಕೊಂಡು ಹೋದೆ. ಎರಡು ದಿನ ಹುಡುಕಿದೆವು."

ಜೇಠೂ ಅವನತ್ತ ಬಾಗಿದ. "ಆ ಹೊಂಡದ ಮೇಲೆ ಕೊಕ್ಕು ಚಾಚಿದ ಬಂಡೆ ಇತ್ತಾ?"

"ಇತ್ತು. ಅಂಥವು ಬೇರೆಯೂ ಇರುತ್ತವೆ ಅಂದುಕೊಂಡೆ."

ಸುಮ್ಮನಿರಬಹುದಿತ್ತು. ಬಂದವನು ತಪ್ಪನ್ನು ತಾನೇ ಹೊತ್ತು ಬಂದಿದ್ದ. ಆದರೆ ಬಾಗಿಲಲ್ಲಿ ಧಾಪೂ ನಿಂತಿದ್ದಳು. ಜೇಠೂ ತಲೆ ತಗ್ಗಿಸಿದ. "ಅದೇ ದೊಣೆ ಕಣಪ್ಪಾ. ನಾನು ಅದನ್ನು ನೋಡಿ ಹನ್ನೆರಡು ವರ್ಷವಾಯಿತು."

ಖೇಮಾ ಅವನ ಪಾದದಿಂದ ಮೆಲ್ಲಗೆ ಕೈ ತೆಗೆದ. "ಹಾಗಾದರೆ ನೀರಿದೆಯೋ ಇಲ್ಲವೋ ನಿಮಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ."

"ಅಷ್ಟನ್ನೇ ಹೇಳಬಹುದಿತ್ತಲ್ಲ ಕಾಕಾ."

ಅವನು ಬೈಯಲಿಲ್ಲ, ಅಳಲೂ ಇಲ್ಲ. ಆ ಮನೆಯಲ್ಲಿ ಮತ್ತೆ ನೀರು ಮುಟ್ಟದೆ ಎದ್ದು ಹೋದ. ಮರುದಿನ ಧಾಪೂ ಅವನ ಜೊತೆ ಬೆಟ್ಟ ಹತ್ತಿ ಐವರನ್ನೂ ಮಣ್ಣು ಮಾಡಿಸಿ, ದೊಣೆಯ ದಾರಿಗೆ ಮುಳ್ಳು ಹಾಕಿ ಬಂದಳು. ಅಪ್ಪನಿಗೆ ಊಟ ಬಡಿಸಿ, ತಾನು ಆಡುಗಳ ಬಳಿ ಹೋಗಿ ಕೂತಳು.

ಊರವರು ಹಣೆಬರಹ ಎಂದರು. ದೊಡ್ಡವರ ಮಾತಿಗೇ ಬೆಟ್ಟ ಮೋಸ ಮಾಡಿತು ಎಂದರು. ಅದಾದ ಮೇಲೂ ಜನ ದಾರಿ ಕೇಳಿಕೊಂಡು ಜೇಠೂವಿನ ಬಳಿ ಬರುತ್ತಲೇ ಇದ್ದರು. ಅವನು ಪ್ರತಿಯೊಬ್ಬರಿಗೂ, "ನನಗೆ ಗೊತ್ತಿಲ್ಲ, ನನ್ನ ಮಗಳನ್ನು ಕೇಳಿ" ಎನ್ನುತ್ತಿದ್ದ. ಅದನ್ನು ಕೇಳಿ ಜನ, ಇಷ್ಟು ತಿಳಿದವನಿಗೆ ಎಂಥ ವಿನಯ ನೋಡಿ ಎಂದು ಕೈ ಮುಗಿದು ಹೋಗುತ್ತಿದ್ದರು.

ನೀತಿ: ಹಿಂದೆಂದೋ ಕಂಡದ್ದನ್ನು ಇಂದೂ ಇದೆ ಎಂದು ಹೇಳಬೇಡಿ. ನಿಮ್ಮನ್ನು ನಂಬಿದವರು ನಿಮ್ಮ ಮಾತಿಗಾಗಿ ತಮ್ಮ ಕಣ್ಣನ್ನೇ ಸುಳ್ಳು ಎಂದುಕೊಳ್ಳುತ್ತಾರೆ. "ಗೊತ್ತಿಲ್ಲ" ಎನ್ನುವುದಾದರೆ ಅವರು ಹೊರಡುವ ಮುಂಚೆ ಅನ್ನಿ. ಆಮೇಲೆ ಅಂದರೆ ನಿಮಗೆ ಹೊಗಳಿಕೆ ಸಿಕ್ಕೀತು, ಹೋದವರು ಬರುವುದಿಲ್ಲ.